ಯಾರಿ ಫೋರ್ಕ್‌ಗೆ ಚಾರ್ಜರ್ 2.1 ಡ್ಯಾಂಪರ್ ಹಾಕೋದು: ಬೇಕಾ, ಹೇಗೆ, ಎಲ್ಲಿ ಎಡವಟ್ಟಾಗುತ್ತೆ?

ಮಣ್ಣುಹಾದಿ

ಫೋರ್ಕ್ (ಮೌಂಟನ್ ಬೈಕಿನ ಮುಂದಿನ ಸಸ್ಪೆನ್ಷನ್) ವಿವರ ಮೊದಲು: ರಾಕ್‌ಶಾಕ್ಸ್ ಕಂಪನಿಯ ಯಾರಿ ಆರ್‌ಸಿ, 2019ರ ಮಾಡೆಲ್, 29 ಇಂಚು, ಬೂಸ್ಟ್ (ಅಗಲ ಹಬ್), 150 ಮಿ.ಮೀ. ಟ್ರಾವೆಲ್ (ಕುಗ್ಗುವ ದೂರ), ಡೆಬನ್‌ಏರ್ ಗಾಳಿ ಸ್ಪ್ರಿಂಗ್. ಒಳಗಿರೋದು ಮೋಷನ್ ಕಂಟ್ರೋಲ್ ಡ್ಯಾಂಪರ್ (ಫೋರ್ಕ್ ಆಡೋ ವೇಗವನ್ನು ಎಣ್ಣೆಯಿಂದ ತಡೆಯೋ ಭಾಗ). ಹೆಲ್ಮೆಟ್, ನೀರು, ಬ್ಯಾಗ್ ಎಲ್ಲಾ ಸೇರಿ ಸವಾರನ ತೂಕ 78 ಕೆ.ಜಿ., ಗಾಳಿ 72 ಪಿಎಸ್‌ಐ, ಟೋಕನ್ (ಗಾಳಿ ಕೋಣೆಯ ಜಾಗ ತಗ್ಗಿಸೋ ತುಂಡು) ಎರಡು.

ತೊಂದರೆ ಇದು. ಕಂಪ್ರೆಷನ್ (ಕುಗ್ಗುವಾಗಿನ ತಡೆ) ನಾಬ್ ಪೂರ್ತಿ ತೆರೆದಿಟ್ಟರೆ ಬ್ರೇಕ್ ಹಿಡಿದಾಗ ಮೂತಿ ಕುಸಿಯುತ್ತೆ. ಕುಸಿಯದ ಹಾಗೆ ನಾಲ್ಕು ಕ್ಲಿಕ್ ಬಿಗಿ ಮಾಡಿದರೆ, ಸಾಲುಸಾಲು ಕಲ್ಲಿನ ಮೇಲೆ ವೇಗದಲ್ಲಿ ಇಳಿಯುವಾಗ ಹೊಡೆತ ನೇರ ಅಂಗೈಗೆ. ಮಧ್ಯದಲ್ಲಿ ಎಲ್ಲಿ ನಿಲ್ಲಿಸಿದರೂ ಎರಡೂ ಕಾಯಿಲೆ ಅರ್ಧರ್ಧ ಇರುತ್ತೆ. ಉದ್ದದ ಇಳಿಜಾರಿನ ಕೊನೆಗೆ ರಿಬೌಂಡ್ (ಕುಗ್ಗಿದ ಫೋರ್ಕ್ ಮೇಲೇಳೋ ವೇಗ) ಕೂಡ ಬದಲಾದ ಹಾಗಿರುತ್ತೆ. ಲೋಯರ್ (ಫೋರ್ಕಿನ ಕೆಳಗಿನ ಕಾಲುಗಳು) ಸರ್ವಿಸ್ ಆಗಿ ಹತ್ತು ಗಂಟೆಯ ಓಟವೂ ಆಗಿಲ್ಲ.

ಚಾರ್ಜರ್ 2.1 ಆರ್‌ಸಿ2 ಕಿಟ್ ಹಾಕಿದರೆ ಇದು ಸರಿಹೋಗುತ್ತಾ? ಮನೆಯಲ್ಲೇ ಹಾಕಬಹುದಾ? ಯಾವ ಟೂಲ್ ಬೇಕು?

ಶಿಮ್‌ಪೇರಿ

ನೀವು ಹೇಳಿದ ಲಕ್ಷಣ ಮೋಷನ್ ಕಂಟ್ರೋಲ್‌ನದ್ದೇ. ಅದು ಕೆಟ್ಟ ಡ್ಯಾಂಪರ್ ಅಂತಲ್ಲ, ಅದರ ಕಂಪ್ರೆಷನ್ ಕೆಲಸ ಮಾಡೋ ರೀತಿಯೇ ಹಾಗೆ.

ಮೋಷನ್ ಕಂಟ್ರೋಲ್‌ನಲ್ಲಿ ಬೇರೆ ಕಾರ್ಟ್ರಿಜ್ (ಎಣ್ಣೆ ತುಂಬಿ ಮುಚ್ಚಿದ ಕೊಳವೆ) ಇಲ್ಲ. ಬಲಗಡೆಯ ಸ್ಟ್ಯಾಂಚನ್ (ಲೋಯರ್ ಒಳಗೆ ಜಾರೋ ಮೇಲಿನ ಕಾಲು) ಕೊಳವೆಯೇ ಡ್ಯಾಂಪರ್‌ನ ಮೈ. ಅದರೊಳಗೆ ಎಣ್ಣೆ, ಎಣ್ಣೆಯ ಮೇಲೆ ಸ್ವಲ್ಪ ಗಾಳಿ. ಕೆಳಗಿಂದ ರಿಬೌಂಡ್ ಪಿಸ್ಟನ್ ಮೇಲೆ ಬಂದಾಗ ಎಣ್ಣೆ ಮೇಲಿನ ಕಂಪ್ರೆಷನ್ ತಲೆಯ ಕಿಂಡಿಯ ಮೂಲಕ ನುಗ್ಗಬೇಕು. ನಿಮ್ಮ ನಾಬ್ ಮಾಡೋದು ಆ ಕಿಂಡಿ ಚಿಕ್ಕದು ದೊಡ್ಡದು ಮಾಡೋ ಕೆಲಸ, ಅಷ್ಟೇ.

ಸ್ಥಿರವಾದ ಕಿಂಡಿಯ ಗುಣ ಏನಂದರೆ ವೇಗ ಎರಡರಷ್ಟಾದರೆ ತಡೆ ಹತ್ತಿರಹತ್ತಿರ ನಾಲ್ಕರಷ್ಟಾಗುತ್ತೆ, ಮೂರರಷ್ಟಾದರೆ ಒಂಬತ್ತರಷ್ಟು. ಇಂಜೆಕ್ಷನ್ ಸಿರಿಂಜ್‌ನಲ್ಲಿ ನೀರು ತುಂಬಿ ಮೆಲ್ಲಗೆ ಒತ್ತಿ, ಆಮೇಲೆ ಒಮ್ಮೆಲೇ ಒತ್ತಿ ನೋಡಿ, ಹೆಬ್ಬೆರಳಿಗೇ ಗೊತ್ತಾಗುತ್ತೆ. ಬ್ರೇಕ್ ಹಿಡಿದಾಗ ಫೋರ್ಕ್ ಕುಸಿಯೋದು ನಿಧಾನದ ಚಲನೆ. ಚೂಪು ಕಲ್ಲಿಗೆ ಚಕ್ರ ಬಡಿದಾಗ ಶಾಫ್ಟ್ ವೇಗ ಅದರ ಹಲವು ಪಟ್ಟು. ಕುಸಿತ ತಡೆಯೋಷ್ಟು ಕಿಂಡಿ ಮುಚ್ಚಿದಿರಿ ಅಂದರೆ ಕಲ್ಲಿನ ವೇಗಕ್ಕೆ ಅದು ಗೋಡೆ. ಎರಡೂ ಸರಿಯಾಗೋ ಕ್ಲಿಕ್ ಹುಡುಕಿದರೆ ಸಿಗಲ್ಲ, ಯಾಕಂದರೆ ಅಂಥ ಕ್ಲಿಕ್ಕೇ ಇಲ್ಲ.

ಚಾರ್ಜರ್‌ನಲ್ಲಿ ನಿಧಾನದ ಹರಿವಿಗೆ ಸೂಜಿ ಕಿಂಡಿ ಬೇರೆ, ಜೋರಿನ ಹರಿವಿಗೆ ಶಿಮ್ ಪೇರಿ ಬೇರೆ. ಶಿಮ್ ಅಂದರೆ ಪಿಸ್ಟನ್ನಿನ ತೂತುಗಳ ಮೇಲೆ ಒಂದರ ಮೇಲೊಂದು ಕೂರಿಸಿದ ತೆಳು ಉಕ್ಕಿನ ಬಿಲ್ಲೆಗಳು. ಒತ್ತಡ ಒಂದು ಮಟ್ಟ ದಾಟಿದರೆ ಅಂಚು ಬಾಗಿ ದಾರಿ ದೊಡ್ಡದಾಗುತ್ತೆ. ಹಾಗಾಗಿ ಜೋರು ಹೊಡೆತದಲ್ಲಿ ತಡೆ ವರ್ಗದ ಲೆಕ್ಕದಲ್ಲಿ ಏರಲ್ಲ.

ಇಳಿಜಾರಿನ ಕೊನೆಗೆ ರಿಬೌಂಡ್ ಬದಲಾಗೋದಕ್ಕೆ ಕಾರಣ ಗಾಳಿ. ಎಣ್ಣೆ ಮತ್ತು ಗಾಳಿ ಒಂದೇ ಕೊಳವೆಯಲ್ಲಿದ್ದು ಐದು ನಿಮಿಷ ಕುಲುಕಿದರೆ ನೊರೆ ಬರುತ್ತೆ, ನೊರೆ ಕಿಂಡಿಯಲ್ಲಿ ಸಲೀಸಾಗಿ ನುಗ್ಗುತ್ತೆ. ಚಾರ್ಜರ್ 2.1ರಲ್ಲಿ ಶಾಫ್ಟ್ ಒಳಬಂದಷ್ಟು ಎಣ್ಣೆಗೆ ಜಾಗ ಕೊಡೋಕೆ ರಬ್ಬರ್ ಬ್ಲ್ಯಾಡರ್ ಇದೆ. ಎಣ್ಣೆಗೆ ಗಾಳಿ ತಾಕೋದೇ ಇಲ್ಲ.

ಎಣ್ಣೆಕೈ

ಮೇಲಿನದ್ದೆಲ್ಲ ಸರಿ, ಆದರೆ ದುಡ್ಡು ಸುರಿಯೋ ಮುಂಚೆ ಮೂರು ವಿಷಯ ನೋಡಿಬಿಡಿ. ಡ್ಯಾಂಪರ್ ಮೇಲೆ ಹೊರಿಸೋ ಅರ್ಧದಷ್ಟು ದೂರು ಘರ್ಷಣೆಯದ್ದೋ ಸ್ಪ್ರಿಂಗ್‌ದ್ದೋ ಆಗಿರುತ್ತೆ.

ಮೊದಲನೆಯದು ಟೋಕನ್. 150 ಮಿ.ಮೀ.ಗೆ 78 ಕೆ.ಜಿ.ಗೆ ಎರಡು ಟೋಕನ್ ಹಾಕಿ, ವಾರದಲ್ಲಿ ಒಮ್ಮೆಯೂ ಸ್ಟ್ಯಾಂಚನ್ ಮೇಲಿನ ಓ-ರಿಂಗ್ ಕ್ರೌನ್ (ಎರಡು ಕಾಲು ಸೇರೋ ಮೇಲ್ಭಾಗ) ಹತ್ತಿರ ಹೋಗಲ್ಲ ಅಂದರೆ ಒಂದು ತೆಗೆಯಿರಿ. ಕೊನೆಯ ಮೂರನೇ ಒಂದು ಭಾಗದ ಗಡಸುತನ ಸ್ಪ್ರಿಂಗ್‌ದ್ದಾಗಿದ್ದರೆ ಡ್ಯಾಂಪರ್ ಬದಲಿಸಿ ಏನೂ ಬರಲ್ಲ.

ಎರಡನೆಯದು ಬುಷಿಂಗ್, ಲೋಯರ್ ಒಳಗಿನ ಜಾರುಬಳೆ. ಮುಂದಿನ ಸಲ ಲೋಯರ್ಸ್ ತೆಗೆದಾಗ ಎರಡೂ ಕೆಳಬೋಲ್ಟ್ ಇಲ್ಲದೆ ಸ್ಟ್ಯಾಂಚನ್ ಮೇಲೆ ಲೋಯರ್ಸ್ ಏರಿಸಿ ಬಿಡಿ. ತನ್ನ ಭಾರಕ್ಕೇ ಜಾರಿ ಇಳಿಯಬೇಕು. ಕೈಯಿಂದ ಎಳೆದರಷ್ಟೇ ಬರುತ್ತೆ ಅಂದರೆ ಬುಷಿಂಗ್ ಬಿಗಿ. ಅದನ್ನು ಅಳತೆಗೆ ತರೋ ಟೂಲ್ ಇರೋ ಸರ್ವಿಸ್ ಸೆಂಟರ್‌ಗೆ ಕೊಡಬೇಕು, ಮನೆಯಲ್ಲಿ ಸ್ಯಾಂಡ್‌ಪೇಪರ್ ತಗೊಂಡು ಕೂರಬೇಡಿ.

ಮೂರನೆಯದನ್ನು ಯಾರೂ ನೋಡಲ್ಲ: ಆಕ್ಸಲ್. ಗಾಳಿ ಪೂರ್ತಿ ಬಿಟ್ಟು, ಚಕ್ರ ಹಾಕಿ ಆಕ್ಸಲ್ ಬಿಗಿ ಮಾಡಿ ಫೋರ್ಕನ್ನು ಮೇಲೆ ಕೆಳಗೆ ಆಡಿಸಿ. ಆಮೇಲೆ ಆಕ್ಸಲ್ ಸಡಿಲ ಮಾಡಿ ಮತ್ತೆ ಆಡಿಸಿ. ಸಡಿಲದಲ್ಲಿ ನಯ, ಬಿಗಿಯಲ್ಲಿ ಒರಟು ಅಂದರೆ ಹಬ್ ಅಗಲ ಮತ್ತು ಡ್ರಾಪ್‌ಔಟ್ (ಆಕ್ಸಲ್ ಕೂರೋ ಜಾಗ) ಅಗಲ ತಾಳೆಯಾಗ್ತಿಲ್ಲ, ಎರಡು ಕಾಲು ಒಳಕ್ಕೆ ಎಳೆದುಕೊಳ್ತಿವೆ. ಹಬ್ ಎಂಡ್‌ಕ್ಯಾಪ್ ಸರಿಯಾದ್ದು ಕೂತಿದೆಯಾ ನೋಡಿ. ಇದಕ್ಕೆ ಯಾವ ಡ್ಯಾಂಪರೂ ಮದ್ದಲ್ಲ.

ಮಣ್ಣುಹಾದಿ

ಮೂರೂ ನೋಡಿ ಆಯ್ತು. ಆಕ್ಸಲ್ ಬಿಗಿ ಸಡಿಲ ಎರಡರಲ್ಲೂ ಒಂದೇ. ಬುಷಿಂಗ್ ಜಾರುತ್ತೆ. ಒಂದು ಟೋಕನ್ ತೆಗೆದ ಮೇಲೆ ಟ್ರಾವೆಲ್ ಪೂರ್ತಿ ಸಿಗ್ತಿದೆ, ದೊಡ್ಡ ಡ್ರಾಪ್‌ನಲ್ಲಿ ಖುಷಿ. ಸಾಲುಕಲ್ಲಿನ ಹೊಡೆತ ಹಾಗೇ ಇದೆ.

ಬಿಡಿಭಾಗ

ಹಾಗಾದರೆ ಡ್ಯಾಂಪರೇ. ಈಗ ಯಾವ ಕಿಟ್ ಅನ್ನೋದು, ಇಲ್ಲೇ ಜನ ದುಡ್ಡು ಕಳಕೊಳ್ಳೋದು.

ಯಾರಿ ಮತ್ತು ಅದೇ ಕಂಪನಿಯ ಲಿರಿಕ್ ಎರಡಕ್ಕೂ 35 ಮಿ.ಮೀ.ನ ಒಂದೇ ಮೈಕಟ್ಟು. ಹಾಗೇ 2018ರಿಂದೀಚಿನ ರೆವೆಲೇಷನ್‌ಗೂ ಪೈಕ್‌ಗೂ ನಂಟು. ಆದ್ದರಿಂದ ಯಾರಿಗೆ ಲಿರಿಕ್‌ನ ಚಾರ್ಜರ್, ರೆವೆಲೇಷನ್‌ಗೆ ಪೈಕ್‌ನ ಚಾರ್ಜರ್. ಪೈಕ್, ಲಿರಿಕ್, ಝೆಬ್ ಮೂರರ ಚಾರ್ಜರ್‌ಗೂ ಭಾಗ ಸಂಖ್ಯೆ ಬೇರೆ ಬೇರೆ, "ಚಾರ್ಜರ್ 2.1" ಅಂತ ಒಂದೇ ಹೆಸರು ನೋಡಿ ಕೊಳ್ಳಬೇಡಿ. ಚಕ್ರದ ಅಳತೆಯೂ ಪಟ್ಟಿಯಲ್ಲಿ ತಾಳೆಯಾಗಬೇಕು.

ಕ್ರೌನ್ ಹಿಂಭಾಗದಲ್ಲಿ ಸೀರಿಯಲ್ ನಂಬರ್ ಕೊರೆದಿರುತ್ತೆ. ಅದನ್ನು ಶ್ರಾಮ್ (ರಾಕ್‌ಶಾಕ್ಸ್‌ನ ಒಡೆಯ ಕಂಪನಿ) ಜಾಲತಾಣದಲ್ಲಿ ಹಾಕಿದರೆ ಪೂರ್ತಿ ಮಾಡೆಲ್ ಕೋಡ್ ಬರುತ್ತೆ, ಅದರ ಬಾಲದಲ್ಲಿ ಎ1, ಬಿ1 ಅಂತ ಪೀಳಿಗೆ ಇರುತ್ತೆ. ಅಂಗಡಿಯವನಿಗೆ ಕೊಡಬೇಕಾದ್ದು ಆ ಕೋಡ್. "2019ರ ಯಾರಿ" ಅಂದರೆ ಸಾಲದು, ಬೈಕ್ 2019ರದ್ದಾಗಿ ಫೋರ್ಕ್ ಹಿಂದಿನ ವರ್ಷದ್ದಾಗಿರೋದು ಉಂಟು.

ಚಾರ್ಜರ್ 3 ಬೇಕು ಅಂತ ಆಸೆಪಡಬೇಡಿ. ಅದು 2023ರ ಮಾಡೆಲ್‌ನಿಂದ ಬಂದ ಹೊಸ ಲಿರಿಕ್, ಪೈಕ್‌ಗಳ ಮೈಕಟ್ಟಿಗೆ ಮಾಡಿದ್ದು, ಹಳೇ ಯಾರಿಗೆ ಕೂರಲ್ಲ. ನಿಮ್ಮ ಫೋರ್ಕ್‌ಗೆ ಇರೋ ಆಯ್ಕೆ 2.1 ಆರ್‌ಸಿ2, ಇಲ್ಲಾ ಅಗ್ಗದ ಚಾರ್ಜರ್ ಆರ್‌ಸಿ. ಆರ್‌ಸಿಯಲ್ಲಿ ಹೈಸ್ಪೀಡ್ (ಜೋರು ಹೊಡೆತದ) ಕಂಪ್ರೆಷನ್‌ಗೆ ಹೊರಗಿನ ನಾಬ್ ಇಲ್ಲ, ಲೋಸ್ಪೀಡ್ (ನಿಧಾನ ಚಲನೆಯ) ಮತ್ತು ರಿಬೌಂಡ್ ಮಾತ್ರ. 78 ಕೆ.ಜಿ. ಅಂದರೆ ಕಾರ್ಖಾನೆಯ ಟ್ಯೂನ್‌ಗೆ ತೀರಾ ದೂರ ಇಲ್ಲ, ಆರ್‌ಸಿಯೇ ಸಾಕಾಗಬಹುದು. ನೂರು ದಾಟಿದವರು, ಐವತ್ತೈದರ ಒಳಗಿನವರು ಆರ್‌ಸಿ2ಗೇ ಹೋಗಲಿ.

ಇನ್ನೊಂದು: ಕ್ರೌನ್‌ನಲ್ಲೇ ತಿರುಗಿಸೋದು ಮತ್ತು ಹ್ಯಾಂಡಲ್‌ಬಾರ್ ರಿಮೋಟಿನದ್ದು ಬೇರೆ ಬೇರೆ ಕಿಟ್. ಪೆಟ್ಟಿಗೆಯಲ್ಲಿ ರಿಬೌಂಡ್ ನಾಬ್, ಕೆಳಬೋಲ್ಟ್, ಕ್ರಶ್ ವಾಷರ್ (ಒತ್ತಿಕೊಂಡು ಎಣ್ಣೆ ತಡೆಯೋ ಬಿಲ್ಲೆ) ಇದೆಯಾ ಅಂತ ಕೇಳಿಯೇ ಆರ್ಡರ್ ಮಾಡಿ. ಸೆಕೆಂಡ್‌ಹ್ಯಾಂಡ್ ಡ್ಯಾಂಪರ್‌ನಲ್ಲಿ ಇವು ಸಾಮಾನ್ಯವಾಗಿ ಇರಲ್ಲ. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ, ಜಿಎಸ್‌ಟಿ ಸೇರಿ ಲೆಕ್ಕ ಹಾಕಿ. ಮೂರು ರೂಪಾಯಿ ವಾಷರ್‌ಗೋಸ್ಕರ ಇನ್ನೊಂದು ಪಾರ್ಸೆಲ್ ತರಿಸೋ ಹಾಗಾಗಬಾರದು.

ಎಣ್ಣೆಕೈ

ಕೆಲಸದ ಕ್ರಮ ಬರೀತೀನಿ. ಬೇಕಾದ್ದು: 5 ಮಿ.ಮೀ. ಅಲೆನ್ ಸಾಕೆಟ್, ಶಿಮಾನೋ ಮಾದರಿಯ ಕ್ಯಾಸೆಟ್ ಟೂಲ್, ಹಳೇ ಟಾಪ್‌ಕ್ಯಾಪ್ ಷಟ್ಕೋನದ್ದಾಗಿದ್ದರೆ ಅದಕ್ಕೆ 24 ಮಿ.ಮೀ. ಸಾಕೆಟ್, ಒಳ ಸರ್ಕ್ಲಿಪ್ ಪ್ಲೈಯರ್ ದೊಡ್ಡದು, ರಬ್ಬರ್ ಸುತ್ತಿಗೆ, ಎರಡು ಟಾರ್ಕ್ ವ್ರೆಂಚ್ (ಒಂದು 7 ನ್ಯೂಟನ್ ಮೀಟರ್ ಆಸುಪಾಸಿಗೆ, ಒಂದು 28ಕ್ಕೆ), ಸಿರಿಂಜ್, ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, 0ಡಬ್ಲ್ಯೂ-30 ಎಣ್ಣೆ, ಸಸ್ಪೆನ್ಷನ್ ಗ್ರೀಸ್, ಅಗಲ ಬಾಣಲೆ ಅಥವಾ ಟ್ರೇ.

ಚಕ್ರ, ಬ್ರೇಕ್ ಕ್ಯಾಲಿಪರ್ ತೆಗೆದು ದೂರ ಇಡಿ. ಪ್ಯಾಡ್‌ಗೆ ಎಣ್ಣೆ ಹನಿ ಬಿದ್ದರೆ ಪ್ಯಾಡ್ ಹೋಯ್ತು. ಎಡಗಡೆ ಏರ್ ಕವಾಟದಿಂದ ಗಾಳಿ *ನಿಧಾನ* ಬಿಡಿ, ಬಿಡುತ್ತಾ ಫೋರ್ಕ್ ಸ್ವಲ್ಪ ಸ್ವಲ್ಪ ಆಡಿಸಿ. ಒಮ್ಮೆಲೇ ಬಿಟ್ಟರೆ ಮೇಲಿನ ಕೋಣೆ ಖಾಲಿಯಾಗಿ ಕೆಳಗಿನ ನೆಗೆಟಿವ್ ಕೋಣೆಯಲ್ಲಿ ಒತ್ತಡ ಉಳಿಯುತ್ತೆ, ಫೋರ್ಕ್ ಒಳಕ್ಕೆ ಎಳೆದುಕೊಂಡು ಕೂರುತ್ತೆ.

ಕೆಳಗಿನ ರಿಬೌಂಡ್ ನಾಬ್ ತೆಗೆಯಿರಿ. ಎರಡೂ ಕೆಳಬೋಲ್ಟನ್ನು ಮೂರು ನಾಲ್ಕು ಸುತ್ತು ಮಾತ್ರ ಬಿಚ್ಚಿ ನಿಲ್ಲಿಸಿ, ಪೂರ್ತಿ ಬೇಡ. ಬೋಲ್ಟ್ ತಲೆಯ ಮೇಲೆ ರಬ್ಬರ್ ಸುತ್ತಿಗೆಯಿಂದ ಗಟ್ಟಿಯಾಗಿ ಒಂದೆರಡು ಏಟು. ಒಳಗಿನ ಶಾಫ್ಟ್ ಲೋಯರ್‌ಗೆ ಕಚ್ಚಿಕೊಂಡಿರೋದು ಬಿಟ್ಟುಕೊಳ್ಳುತ್ತೆ. ಬೋಲ್ಟ್ ಒಂದೇ ಸುತ್ತಿನಲ್ಲಿ ನಿಂತಿದ್ದಾಗ ಹೊಡೆದರೆ ಶಾಫ್ಟಿನ ಮೊದಲ ಎಳೆಗಳು ಹಾಳು. ಈಗ ಬೋಲ್ಟ್ ತೆಗೆದು, ಟ್ರೇ ಇಟ್ಟು, ಲೋಯರ್ಸ್ ಎಳೆಯಿರಿ.

ಫೋರ್ಕ್ ನೆಟ್ಟಗೆ ನಿಲ್ಲಿಸಿ ಬಲಗಡೆಯ ಕಂಪ್ರೆಷನ್ ನಾಬ್, ಟಾಪ್‌ಕ್ಯಾಪ್ ಬಿಚ್ಚಿ ಕಂಪ್ರೆಷನ್ ಜೋಡಣೆಯನ್ನು ಅಲುಗಾಡಿಸುತ್ತಾ ಮೇಲೆತ್ತಿ. ಆಮೇಲೆ ಫೋರ್ಕ್ ತಲೆಕೆಳಗೆ ಮಾಡಿ ಎಣ್ಣೆ ಸುರಿಯಿರಿ. ಒಂದು ಲೋಟಕ್ಕಿಂತ ಹೆಚ್ಚೇ ಬರುತ್ತೆ, ಚಿಕ್ಕ ಬಟ್ಟಲು ಹಿಡಿದು ನಿಲ್ಲಬೇಡಿ. ಸ್ಟ್ಯಾಂಚನ್ ತಳದಲ್ಲಿ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಕಾಣುತ್ತೆ. ಶಾಫ್ಟನ್ನು ಬೆರಳಲ್ಲಿ ಒಳಕ್ಕೆ ತಳ್ಳಿ ಹಿಡಿದು ಕ್ಲಿಪ್ ತೆಗೆದು, ರಿಬೌಂಡ್ ಶಾಫ್ಟ್ ಮತ್ತು ಸೀಲ್‌ಹೆಡ್ (ಕೊಳವೆಯ ತಳ ಮುಚ್ಚೋ ಸೀಲ್) ಒಟ್ಟಿಗೇ ಎಳೆಯಿರಿ. ಇವು ಮತ್ತೆ ಹಾಕೋ ಭಾಗ ಅಲ್ಲ, ಆದರೆ ಎತ್ತಿಡಿ.

ಕೊಳವೆ ಒಳಗೆ ಆಲ್ಕೋಹಾಲ್ ಹಾಕಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಪೂರ್ತಿ ಒಣಗೋ ತನಕ ಒರೆಸಿ. ಇಲ್ಲಿ ಸೋಮಾರಿತನ ಮಾಡಿದರೆ ಉಳಿದ ಹಳೇ ಎಣ್ಣೆ ಮುಂದಿನ ವಾರ ಲೋಯರ್‌ಗೆ ಇಳಿಯುತ್ತೆ, ಹೊಸ ಡ್ಯಾಂಪರ್ ಸೋರ್ತಿದೆ ಅಂತ ನೀವು ಗಾಬರಿಯಾಗ್ತೀರಿ.

ಚಾರ್ಜರ್ ಮೇಲಿಂದ ಇಳಿಸಿ. ಟಾಪ್‌ಕ್ಯಾಪ್ ಎಳೆಗಳಿಗೆ, ಓ-ರಿಂಗ್‌ಗೆ ಗ್ರೀಸ್ ಸವರಿ, ಮೊದಲ ಎರಡು ಸುತ್ತು ಕೈಯಲ್ಲೇ ತಿರುಗಿಸಿ. ಎಳೆ ಸಣ್ಣದು, ಅಡ್ಡ ಹತ್ತಿದರೆ ಕ್ರೌನ್ ಜೋಡಣೆಯೇ ಹೋಗುತ್ತೆ. ಕ್ಯಾಸೆಟ್ ಟೂಲ್ ಹಾಕಿ 28 ನ್ಯೂಟನ್ ಮೀಟರ್.

ವೈಪರ್ (ಲೋಯರ್ ಬಾಯಿಯ ಧೂಳು ಸೀಲ್), ಫೋಮ್ ರಿಂಗ್ ತೊಳೆದು, ಫೋಮ್‌ಗೆ 0ಡಬ್ಲ್ಯೂ-30 ಕುಡಿಸಿ, ವೈಪರ್ ಒಳತುಟಿಗೆ ಗ್ರೀಸ್ ಹಚ್ಚಿ. ಲೋಯರ್ಸ್ ಏರಿಸುವಾಗ ಎರಡೂ ವೈಪರ್ ತುಟಿ ಮಡಚದ ಹಾಗೆ ನೋಡಿ. ಮೇಲಿನ ಬುಷಿಂಗ್ ಹಿಡಿದ ಮೇಲೆ ನಿಲ್ಲಿಸಿ, ಫೋರ್ಕ್ ಓರೆ ಮಾಡಿ, ತಳದ ತೂತುಗಳಿಂದ ಸಿರಿಂಜ್‌ನಲ್ಲಿ ಕಾಲಿಗೆ 10 ಮಿ.ಲೀ. ಹಾಕಿ. ಈ ಪೀಳಿಗೆಯ ಯಾರಿಗೆ ಆ ಅಳತೆ. ಬೇರೆ ಫೋರ್ಕ್‌ನವರು ತಮ್ಮ ಮಾಡೆಲ್‌ನ ಪಟ್ಟಿ ನೋಡಿ. ಆಮೇಲೆ ಲೋಯರ್ಸ್ ಪೂರ್ತಿ ತಳ್ಳಿ, ಎರಡೂ ತೂತಿನಲ್ಲಿ ಶಾಫ್ಟಿನ ಎಳೆ ಕಂಡ ಮೇಲೆ ಹೊಸ ಕ್ರಶ್ ವಾಷರ್ ಸಮೇತ ಬೋಲ್ಟ್ ಹಾಕಿ, 6.8 ನ್ಯೂಟನ್ ಮೀಟರ್. ರಿಬೌಂಡ್ ಕಡೆಯ ಬೋಲ್ಟ್ ಟೊಳ್ಳು, ಏರ್ ಕಡೆಯದು ಗಟ್ಟಿ, ಅದಲುಬದಲು ಆಗಬಾರದು. ಟೊಳ್ಳು ಬೋಲ್ಟ್ ಅಂದಾಜಿನಲ್ಲಿ ಬಿಗಿ ಮಾಡಿದರೆ ಮುರಿಯುತ್ತೆ, ಮುರಿದ ತುಂಡು ಶಾಫ್ಟಿನೊಳಗೇ ಉಳಿಯುತ್ತೆ.

ಕೊನೆಗೆ ಗಾಳಿ. 50 ಪಿಎಸ್‌ಐ ಹಾಕಿ, ಫೋರ್ಕನ್ನು ಕಾಲುಭಾಗದ ತನಕ ನಿಧಾನವಾಗಿ ಐದಾರು ಸಲ ಒತ್ತಿ ಬಿಡಿ. ಸ್ಟ್ಯಾಂಚನ್ ಒಳಗಿನ ತಗ್ಗು ದಾಟುವಾಗ ಎರಡೂ ಕೋಣೆಯ ಒತ್ತಡ ಸಮವಾಗುತ್ತೆ. ಪಂಪಿನ ಮುಳ್ಳು ಇಳಿಯುತ್ತೆ, ಅದು ಸೋರಿಕೆ ಅಲ್ಲ. ಮತ್ತೆ ತುಂಬಿ, ಮತ್ತೆ ಆಡಿಸಿ, ಬೇಕಾದ ಒತ್ತಡಕ್ಕೆ ನಿಲ್ಲಿಸಿ.

ಒಣಧೂಳು

ಸರ್ಕ್ಲಿಪ್ ಪ್ಲೈಯರ್ ಜಾರಿ ಸ್ಟ್ಯಾಂಚನ್ ಒಳಗೋಡೆಗೆ ಗೀರಿದರೆ?

ಎಣ್ಣೆಕೈ

ಡ್ಯಾಂಪರ್ ಕಡೆ ಆದರೆ ತಲೆಬಿಸಿ ಬೇಡ. ಚಾರ್ಜರ್ ತನ್ನದೇ ಕೊಳವೆಯಲ್ಲಿ ಮುಚ್ಚಿಕೊಂಡಿದೆ, ಸ್ಟ್ಯಾಂಚನ್ ಒಳಗೋಡೆಯ ಮೇಲೆ ಯಾವ ಸೀಲೂ ಓಡಲ್ಲ. ಎದ್ದ ಚೂರಿದ್ದರೆ ಒರೆಸಿ ತೆಗೆಯಿರಿ ಸಾಕು. ಅದೇ ಗೀರು ಏರ್ ಕಡೆ ಬಿದ್ದರೆ ಏರ್ ಪಿಸ್ಟನ್ನಿನ ಸೀಲ್ ಅದರ ಮೇಲೇ ಓಡಬೇಕು, ಗಾಳಿ ನಿಲ್ಲಲ್ಲ. ಏರ್ ಶಾಫ್ಟ್ ತೆಗೆಯೋರು ಪ್ಲೈಯರ್ ಮೂತಿ ಮತ್ತು ಕೊಳವೆ ನಡುವೆ ಬೆರಳು ಅಡ್ಡ ಇಟ್ಟುಕೊಂಡೇ ಕ್ಲಿಪ್ ಎಳೆಯಿರಿ.

ಗುಡ್ಡದಿಳಿ

ಸಾಕೆಟ್ ಬಗ್ಗೆ ಒಂದು ಮಾತು. ಮಾರುಕಟ್ಟೆಯ ಸಾಕೆಟ್‌ಗಳ ಬಾಯಿ ಒಳಕ್ಕೆ ಇಳಿಜಾರಾಗಿರುತ್ತೆ. ಟಾಪ್‌ಕ್ಯಾಪ್ ಷಟ್ಕೋನದ ಎತ್ತರ ಎರಡು ಮೂರು ಮಿ.ಮೀ. ಅಷ್ಟೇ, ಆ ಇಳಿಜಾರಿನಿಂದಾಗಿ ಹಿಡಿತ ಸಿಗೋದು ಅದರ ಅರ್ಧ. ಜಾರಿ ಅಂಚು ಉರುಟಾಗುತ್ತೆ. ಲೇತ್ ಅಂಗಡಿಯಲ್ಲಿ ಸಾಕೆಟ್ ಬಾಯನ್ನು ಚಪ್ಪಟೆ ಮಾಡಿಸಿ, ಹತ್ತು ನಿಮಿಷದ ಕೆಲಸ. ಆರು ಮೂಲೆಯದೇ ಇರಲಿ, ಹನ್ನೆರಡರದ್ದು ಬೇಡ. ಫಾಕ್ಸ್ ಫೋರ್ಕ್‌ನವರಿಗೆ ಇದೇ ಮಾತು 26 ಮಿ.ಮೀ. ಸಾಕೆಟ್‌ಗೆ.

ಕಬ್ಬಿಣಕುದುರೆ

ಇಷ್ಟೆಲ್ಲಾ ಖರ್ಚು ಯಾಕೆ? ಯಾರಿ ಮಾರಿ, ಮೇಲಷ್ಟು ಹಾಕಿ ಸೆಕೆಂಡ್‌ಹ್ಯಾಂಡ್ ಲಿರಿಕ್ ಅಲ್ಟಿಮೇಟ್ ತಗೊಂಡರೆ ಮುಗೀತು.

ಬಿಡಿಭಾಗ

ಲೆಕ್ಕ ಒಮ್ಮೊಮ್ಮೆ ಸರಿಬರುತ್ತೆ, ಆದರೆ ಸ್ಟಿಯರರ್ (ಫ್ರೇಮ್ ಒಳಗೆ ಹೋಗೋ ಕೊಳವೆ) ಉದ್ದ, ಆಫ್‌ಸೆಟ್ (ಆಕ್ಸಲ್ ಎಷ್ಟು ಮುಂದಿದೆ ಅನ್ನೋದು), ಸ್ಟ್ಯಾಂಚನ್ ಗೀರು, ಹಿಂದಿನವರು 200 ಗಂಟೆಯ ಸರ್ವಿಸ್ ಮಾಡಿಸಿದ್ದಾರಾ ಇಲ್ಲವಾ, ಇಷ್ಟೂ ಜೂಜು. ನಿಮ್ಮ ಯಾರಿಯ ಬುಷಿಂಗ್ ಚೆನ್ನಾಗಿದೆ ಅಂತ ಗೊತ್ತಿರುವಾಗ ಗೊತ್ತಿಲ್ಲದ ಫೋರ್ಕ್ ತರೋದು ನನಗೆ ಒಪ್ಪಿಗೆ ಇಲ್ಲ. ಬುಷಿಂಗ್ ಸವೆದಿದ್ದು, ಸ್ಟ್ಯಾಂಚನ್ ಲೇಪನ ಕಿತ್ತಿದ್ದರೆ ಮಾತ್ರ ಕಬ್ಬಿಣಕುದುರೆ ಹೇಳಿದ ದಾರಿ.

ತೇರುಗಾಲಿ

ಕಡಿಮೆ ಖರ್ಚಿನ ದಾರಿ ಇಲ್ಲವಾ? ಮೋಷನ್ ಕಂಟ್ರೋಲ್‌ಗೆ ತೆಳು ಎಣ್ಣೆ ಹಾಕಿದರೆ? ಇನ್ನೊಂದು ಬೈಕ್‌ನಲ್ಲಿ ರೀಕಾನ್ ಸಿಲ್ವರ್ ಇದೆ, ಮತ್ತೊಂದರಲ್ಲಿ ಸನ್‌ಟೂರ್ ಎಕ್ಸ್‌ಸಿಎಮ್. ಅವಕ್ಕೂ ಏನಾದರೂ ಹೇಳಿ.

ಶಿಮ್‌ಪೇರಿ

ತೆಳು ಎಣ್ಣೆ ಅರ್ಧ ಉತ್ತರ. 5 ವೇಟ್ (ಎಣ್ಣೆಯ ದಪ್ಪದ ಗುರುತು) ತೆಗೆದು 2.5 ಹಾಕಿದರೆ ಹೊಡೆತ ತಗ್ಗುತ್ತೆ, ಜೊತೆಗೆ ರಿಬೌಂಡೂ ಸಡಿಲವಾಗುತ್ತೆ, ಯಾಕಂದರೆ ಎರಡಕ್ಕೂ ಅದೇ ಎಣ್ಣೆ. ರಿಬೌಂಡ್ ನಾಬ್ ಈಗಾಗಲೇ ಬಿಗಿಯ ಕಡೆ ಇದ್ದರೆ ಉಳಿದ ಕ್ಲಿಕ್ ಸಾಲಲ್ಲ. ಹಗುರ ಸವಾರರಿಗೆ ಒಳ್ಳೇ ಪ್ರಯೋಗ, ಭಾರದವರಿಗೆ ಅಲ್ಲ. ಇನ್ನೊಂದು ಎಚ್ಚರ: "ವೇಟ್" ಅನ್ನೋದಕ್ಕೆ ಕಂಪನಿಗಳ ನಡುವೆ ಒಂದೇ ಮಾನದಂಡ ಇಲ್ಲ. ಡಬ್ಬಿಯ ಮೇಲೆ 40 ಡಿಗ್ರಿಯ ಸೆಂಟಿಸ್ಟೋಕ್ ಸಂಖ್ಯೆ ಇದ್ದರೆ ಅದನ್ನು ಹೋಲಿಸಿ. ಒಬ್ಬರ 5 ಇನ್ನೊಬ್ಬರ 7.5ಕ್ಕೆ ಸಮ ಇರೋದು ಅಪರೂಪವಲ್ಲ.

ರೀಕಾನ್ ಸಿಲ್ವರ್‌ನ ಟಿಕೆ ಮಾಡೆಲ್‌ನಲ್ಲಿರೋದು ಟರ್ನ್‌ಕೀ ಅನ್ನೋ ಸರಳ ಡ್ಯಾಂಪರ್, ರೀಕಾನ್ ಗೋಲ್ಡ್‌ನಲ್ಲಿ ಮೋಷನ್ ಕಂಟ್ರೋಲ್. ಜೂಡಿಯಲ್ಲೂ ಸಿಲ್ವರ್, ಗೋಲ್ಡ್ ಹೀಗೇ. ಟರ್ನ್‌ಕೀಯಿಂದ ಮೋಷನ್ ಕಂಟ್ರೋಲ್‌ಗೆ ಏರೋದು ನಿಜವಾದ ಸುಧಾರಣೆ, ಆದರೆ ಸಿಲ್ವರ್‌ನ ಸ್ಟ್ಯಾಂಚನ್ ಉಕ್ಕಿನದ್ದು, ಫೋರ್ಕಿನ ಭಾರ ಹಾಗೇ ಇರುತ್ತೆ. ಕಿಟ್ ಬೆಲೆ ಫೋರ್ಕ್ ಬೆಲೆಯ ಅರ್ಧ ದಾಟಿದರೆ ಕೈಬಿಡಿ.

ಎಕ್ಸ್‌ಸಿಎಮ್‌ಗೆ ಏನೂ ಮಾಡಬೇಡಿ. ಅದರಲ್ಲಿ ಕಾಯಿಲ್ ಸ್ಪ್ರಿಂಗ್ ಇದೆ, ಕೆಲವು ಮಾಡೆಲ್‌ನಲ್ಲಿ ಲಾಕ್‌ಔಟ್ ಇದೆ, ಟ್ಯೂನ್ ಮಾಡೋಕೆ ಡ್ಯಾಂಪಿಂಗ್ ಅನ್ನೋದೇ ಇಲ್ಲ. ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಓಡಿಸಿ. ದುಡ್ಡು ಕೂಡಿದಾಗ ಏರ್ ಫೋರ್ಕ್.

ಒಣಧೂಳು

ಫಾಕ್ಸ್ 36 ರಿಧಮ್‌ಗೆ ಗ್ರಿಪ್2 ಹಾಕೋದು ಇದೇ ಥರಾನಾ?

ಬಿಡಿಭಾಗ

ತತ್ವ ಅದೇ, ಕೈಕೆಲಸ ಸುಲಭ. ರಿಧಮ್‌ನಲ್ಲಿರೋ ಗ್ರಿಪ್ ಡ್ಯಾಂಪರ್ ಮೊದಲೇ ಕಾರ್ಟ್ರಿಜ್, ಸುರಿಯೋ ಎಣ್ಣೆ ಇಲ್ಲ. ಗ್ರಿಪ್2ರಲ್ಲಿ ಹೈ, ಲೋ ಕಂಪ್ರೆಷನ್ ಮತ್ತು ಹೈ, ಲೋ ರಿಬೌಂಡ್ ಅಂತ ನಾಲ್ಕು ಹೊಂದಾಣಿಕೆ. ಲೋಯರ್ ಹಿಂದಿನ ಸ್ಟಿಕ್ಕರ್‌ನಲ್ಲಿ ನಾಲ್ಕು ಅಕ್ಷರದ ಕೋಡ್ ಇರುತ್ತೆ, ಫಾಕ್ಸ್ ಜಾಲತಾಣದಲ್ಲಿ ಹಾಕಿದರೆ ನಿಮ್ಮ ಫೋರ್ಕಿನ ಒಳಗೇನಿದೆ ಅಂತ ಬರುತ್ತೆ. ಅದರ ಪ್ರಕಾರವೇ ಡ್ಯಾಂಪರ್ ಆರಿಸಿ. ಲೋಯರ್‌ಗೆ ಅವರದ್ದು 20 ವೇಟ್ ಗೋಲ್ಡ್ ಎಣ್ಣೆ. ಗ್ರಿಪ್ ಕುಟುಂಬದ ಒಂದು ಒಳ್ಳೇ ಗುಣ: ಒಳಗೆ ಎಣ್ಣೆ ಹೆಚ್ಚಾದರೆ ಸ್ಪ್ರಿಂಗ್ ಬೆಂಬಲದ ಪಿಸ್ಟನ್ ಮೇಲಕ್ಕೆ ಸರಿದು ಹೆಚ್ಚಿನದನ್ನು ತಾನೇ ಹೊರಹಾಕುತ್ತೆ. ಬ್ಲ್ಯಾಡರ್ ಇರೋ ಚಾರ್ಜರ್ 2.1ಗೆ ಆ ಭಾಗ್ಯ ಇಲ್ಲ.

ಮಣ್ಣುಹಾದಿ

ಆರ್‌ಸಿ2 ಕೂರಿಸಿದ್ದಾಯ್ತು, ಟಾರ್ಕ್ ಎಲ್ಲಾ ಮೇಲಿನ ಪ್ರಕಾರ. ಎರಡು ಪ್ರಶ್ನೆ. ಒಂದು, ಸೆಟಪ್ ಎಲ್ಲಿಂದ ಶುರು ಮಾಡಲಿ? ಎರಡು, ಮೊದಲಿಗಿಂತ ಫೋರ್ಕ್ ಏಳೆಂಟು ಮಿ.ಮೀ. ಕೆಳಗೆ ಕೂತಿದೆ, ಎತ್ತಿ ಹಿಡಿದರೂ ಪೂರ್ತಿ ಹೊರಬರಲ್ಲ.

ಎಣ್ಣೆಕೈ

ಎರಡನೆಯದಕ್ಕೆ ಮೊದಲು. ಡ್ಯಾಂಪರ್‌ಗೂ ಇದಕ್ಕೂ ಸಂಬಂಧ ಕಡಿಮೆ. ಮೂರು ಸಾಧ್ಯತೆ.

ನೆಗೆಟಿವ್ ಕೋಣೆಯಲ್ಲಿ ಒತ್ತಡ ಹೆಚ್ಚಿರೋದು: ತುಂಬಿದ ಮೇಲೆ ಆಡಿಸದೆ ಬಹಳ ಗಾಳಿ ಬಿಟ್ಟಿದ್ದರೆ ಹೀಗಾಗುತ್ತೆ. 10 ಪಿಎಸ್‌ಐ ಹೆಚ್ಚು ತುಂಬಿ, ಹ್ಯಾಂಡಲ್‌ಬಾರ್ ಹಿಡಿದು ಮೇಲಕ್ಕೆ ಎಳೆದು, ನಿಧಾನ ಒತ್ತಿ, ಮತ್ತೆ ಎಳೆಯಿರಿ. ಹಂತಹಂತವಾಗಿ ಇಳಿಸಿ.

ಲೋಯರ್ಸ್ ಒಳಗೆ ಗಾಳಿ ಕೊರತೆ: ಲೋಯರ್ಸ್ ತಳ್ಳುವಾಗ ಶಾಫ್ಟ್ ಒಳಕ್ಕೆ ಹೋಗಿ, ಹಾಗೇ ಬೋಲ್ಟ್ ಹಾಕಿದ್ದರೆ ಆಮೇಲೆ ಫೋರ್ಕ್ ಚಾಚಿದಾಗ ಒಳಗೆ ನಿರ್ವಾತ. ಉರುಟು ಅಂಚಿನ ತೆಳು ಜಿಪ್ ಟೈಯನ್ನು ಗ್ರೀಸ್ ಹಚ್ಚಿ ವೈಪರ್ ತುಟಿಯ ಅಡಿಗೆ ಮೆಲ್ಲಗೆ ತೂರಿಸಿ. "ಸುಯ್" ಅಂತ ಶಬ್ದ ಬಂದು ಫೋರ್ಕ್ ಮೇಲೇರಿದರೆ ಅದೇ ಕಾರಣ. ಇದೇ ಉಪಾಯ ಉಲ್ಟಾ ಕೂಡ: ತಗ್ಗಿನಲ್ಲಿ ಜೋಡಿಸಿದ ಫೋರ್ಕನ್ನು ಬೆಟ್ಟದ ಮೇಲಕ್ಕೆ ಒಯ್ದರೆ ಒಳಗಿನ ಗಾಳಿ ಹಿಗ್ಗಿ ಮೊದಲ ಕೆಲ ಮಿ.ಮೀ. ಗಡಸಾಗುತ್ತೆ.

ಮೂರನೆಯದು ಸ್ಪ್ರಿಂಗಿನ ಸ್ವಭಾವ. ಆ ಕಾಲದ ಡೆಬನ್‌ಏರ್ ತುದಿಯಲ್ಲಿ ಸ್ವಲ್ಪ ಒಳಕ್ಕೆ ಕೂರುತ್ತೆ. ಅದನ್ನೇ ಸರಿಮಾಡಿ ಸಿ1 ಅಂತ ಏರ್ ಸ್ಪ್ರಿಂಗ್ ಸುಧಾರಣೆ ಬಂತು. ಮೇಲಿನೆರಡೂ ಮಾಡಿಯೂ ಮೂರು ನಾಲ್ಕು ಮಿ.ಮೀ. ಉಳಿದರೆ ಸಿ1 ಶಾಫ್ಟ್ ಹಾಕಿ. ನನ್ನ ಅಭಿಪ್ರಾಯ ಕೇಳಿದರೆ, ಈ ಫೋರ್ಕ್‌ಗೆ ಕೊಟ್ಟ ದುಡ್ಡಿಗೆ ಹೆಚ್ಚು ಫಲ ಕೊಡೋದು ಡ್ಯಾಂಪರ್‌ಗಿಂತ ಅದೇ. ಬ್ರೇಕ್‌ನಲ್ಲಿ ಕುಸಿಯೋ ದೂರಿನ ಒಂದು ಪಾಲು ಅಲ್ಲೇ ಹೋಗುತ್ತೆ.

ಶಿಮ್‌ಪೇರಿ

ಅದಕ್ಕೆ ನನ್ನ ತಕರಾರಿದೆ. ಕುಸಿತಕ್ಕೆ ಸಿ1 ಒಳ್ಳೇದು, ಸಾಲುಕಲ್ಲಿನ ಹೊಡೆತಕ್ಕೆ ಅಲ್ಲ. ಇವರ ಮುಖ್ಯ ದೂರು ಆ ಹೊಡೆತ.

ಸೆಟಪ್: ಹಳೇ ಕ್ಲಿಕ್ ಎಣಿಕೆ ಮರೆತುಬಿಡಿ, ಹೊಸ ಡ್ಯಾಂಪರ್‌ಗೆ ಅದು ಅನ್ವಯಿಸಲ್ಲ. ಗಾಳಿಯಿಂದ ಶುರು. ಸವಾರಿಯ ಬಟ್ಟೆಬರೆ ಸಮೇತ ಪೆಡಲ್ ಮೇಲೆ ನಿಂತು ಸ್ಯಾಗ್ (ನಿಮ್ಮ ತೂಕಕ್ಕೆ ಫೋರ್ಕ್ ಕುಗ್ಗೋ ಅಳತೆ) 15ರಿಂದ 20 ಶೇಕಡ, ಅಂದರೆ 150ರಲ್ಲಿ 22ರಿಂದ 30 ಮಿ.ಮೀ. ಹೈಸ್ಪೀಡ್, ಲೋಸ್ಪೀಡ್ ಎರಡೂ ಪೂರ್ತಿ ತೆರೆದಿಡಿ. ರಿಬೌಂಡ್ ನಡುವಿನಿಂದ ಶುರು: ಫುಟ್‌ಪಾತ್ ಎತ್ತರದಿಂದ ಕೂತುಕೊಂಡೇ ಇಳಿಯಿರಿ, ಫೋರ್ಕ್ ಒತ್ತಿ, ಒಂದು ಸಲ ಮೇಲೆದ್ದು, ನಿಲ್ಲಬೇಕು. ಮೇಲೆದ್ದು ಮತ್ತೆ ಕುಣಿದರೆ ಒಂದು ಕ್ಲಿಕ್ ನಿಧಾನ ಮಾಡಿ.

ಈಗ ಒಂದೇ ಟ್ರೇಲ್‌ನ ಒಂದೇ ತುಂಡನ್ನು ಮತ್ತೆ ಮತ್ತೆ ಇಳಿಯಿರಿ, ಒಂದು ಸಲಕ್ಕೆ ಒಂದೇ ನಾಬ್. ಬ್ರೇಕ್‌ನಲ್ಲಿ ಕುಸಿದರೆ ಲೋಸ್ಪೀಡ್ ಎರಡೆರಡು ಕ್ಲಿಕ್ ಸೇರಿಸಿ. ದೊಡ್ಡ ಡ್ರಾಪ್‌ನಲ್ಲಿ ತಳ ಹೊಡೆದರೆ ಮೊದಲು ತೆಗೆದ ಟೋಕನ್ ನೆನಪಿಸಿಕೊಳ್ಳಿ, ಹೈಸ್ಪೀಡ್‌ಗೆ ಕೈ ಹಾಕೋದು ಕೊನೆಗೆ. ಸಾಲುಕಲ್ಲಿನಲ್ಲಿ ಫೋರ್ಕ್ ಹೋಗ್ತಾ ಹೋಗ್ತಾ ಕುಗ್ಗಿ ಗಡಸಾದರೆ ಅದು ಕಂಪ್ರೆಷನ್ ಅಲ್ಲ, ರಿಬೌಂಡ್ ನಿಧಾನ ಆಗಿದೆ: ಮುಂದಿನ ಕಲ್ಲು ಬರೋದರೊಳಗೆ ಚಕ್ರ ಹೊರಬರ್ತಿಲ್ಲ. ಇದನ್ನು ಕಂಪ್ರೆಷನ್ ಅಂದುಕೊಂಡು ವರ್ಷಗಟ್ಟಲೆ ತಪ್ಪು ನಾಬ್ ತಿರುಗಿಸೋರಿದ್ದಾರೆ.

ಗುಡ್ಡದಿಳಿ

ಹೊಸ ಡ್ಯಾಂಪರ್‌ನಲ್ಲಿ ಎಣ್ಣೆ ಕಿಂಡಿ ದಾಟೋ "ಸ್ಲಪ್ ಸ್ಲಪ್" ಶಬ್ದ ಸಾಮಾನ್ಯ. ಆದರೆ ದಿಕ್ಕು ಬದಲಾಗುವಾಗ ಟಪ್ ಅಂತ ಸಡಿಲ ಬಡಿತ, ಜೊತೆಗೆ ಮೊದಲ ಕೆಲ ಮಿ.ಮೀ. ರಿಬೌಂಡ್ ಇಲ್ಲದ ಹಾಗೆ ಹಾರಿದರೆ ಡ್ಯಾಂಪರ್ ಒಳಗೆ ಗಾಳಿ ಸೇರಿದೆ, ಬ್ಲೀಡ್ (ಆ ಗಾಳಿ ತೆಗೆಯೋ ಕೆಲಸ) ಬೇಕು.

ತೇರುಗಾಲಿ

ಬ್ಲೀಡ್ ಮನೆಯಲ್ಲಿ ಆಗುತ್ತಾ? ಮತ್ತೆ ಎಷ್ಟು ಗಂಟೆಗೆ?

ಎಣ್ಣೆಕೈ

ಆಗುತ್ತೆ. ಚಾರ್ಜರ್ ಬ್ಲೀಡ್ ಅಡಾಪ್ಟರ್, ಸಿರಿಂಜ್, ಮ್ಯಾಕ್ಸಿಮಾ ಪ್ಲಶ್ 3 ವೇಟ್ ಎಣ್ಣೆ ಬೇಕು. ಮೋಷನ್ ಕಂಟ್ರೋಲ್‌ನಿಂದ ಉಳಿದ 5 ವೇಟ್ ಇದೆ ಅಂತ ಅದನ್ನೇ ಸುರಿಯಬೇಡಿ, ಟ್ಯೂನ್ ಪೂರ್ತಿ ಬದಲಾಗುತ್ತೆ. ಸಿರಿಂಜ್ ಒಳಗಿನ ಎಣ್ಣೆಯಲ್ಲಿ ಕರಗಿದ ಗಾಳಿಯನ್ನು ಮೊದಲು ನಿರ್ವಾತ ಎಳೆದು ತೆಗೆಯಿರಿ, ಆಮೇಲೆ ಡ್ಯಾಂಪರ್‌ಗೆ ಜೋಡಿಸಿ.

ಕಂಪನಿ ಹೇಳೋದು ಲೋಯರ್ಸ್ 50 ಗಂಟೆಗೆ, ಡ್ಯಾಂಪರ್ ಮತ್ತು ಏರ್ ಸ್ಪ್ರಿಂಗ್ 200 ಗಂಟೆಗೆ. ಮಲೆನಾಡಿನ ಮಳೆಗಾಲದ ಕೆಸರಿನಲ್ಲಿ, ಇಲ್ಲಾ ಬೇಸಿಗೆಯ ಜಂಬಿಟ್ಟಿಗೆ ಕೆಂಧೂಳಿನಲ್ಲಿ ಓಡಿಸೋರು ಲೋಯರ್ಸ್‌ನ 50 ಅನ್ನು 25–30 ಅಂತ ಓದಿಕೊಳ್ಳಿ. ಇದು ನಯಕ್ಕಾಗಿ ಮಾತ್ರ ಅಲ್ಲ. ಶಾಫ್ಟ್ ಒಳಹೊರಗೆ ಆಡುವಾಗ ಲೋಯರ್‌ನ ಎಣ್ಣೆ ಸೀಲ್‌ಹೆಡ್ ಮೂಲಕ ಚೂರುಚೂರೇ ಡ್ಯಾಂಪರ್ ಒಳಗೆ ಸೇರುತ್ತೆ, ಅದರಲ್ಲಿ ಮಣ್ಣಿದ್ದರೆ ಸೀಲ್ ಬೇಗ ಸವೆದು ಇನ್ನೂ ಹೆಚ್ಚು ಸೇರುತ್ತೆ. ಬ್ಲ್ಯಾಡರ್ ಊದಿಕೊಳ್ಳುತ್ತೆ. ಲಕ್ಷಣ: ಗಾಳಿ ಸರಿಯಿದೆ, ಟೋಕನ್ ಅಷ್ಟೇ ಇದೆ, ಆದರೂ ಕೊನೆಯ 20–30 ಮಿ.ಮೀ. ಟ್ರಾವೆಲ್ ಸಿಗಲ್ಲ. ಖಾತ್ರಿ ಮಾಡಿಕೊಳ್ಳೋಕೆ ಏರ್ ಕಡೆಯ ಗಾಳಿ ಪೂರ್ತಿ ಬಿಟ್ಟು ಫೋರ್ಕ್ ಒತ್ತಿ. ಆಗಲೂ ತಳ ಮುಟ್ಟುವ ಮುಂಚೆಯೇ ಗೋಡೆ ಸಿಕ್ಕರೆ ಡ್ಯಾಂಪರ್ ಬಿಚ್ಚಿ, ಬ್ಲ್ಯಾಡರ್ ನೋಡಿ, ಹೊಸ ಎಣ್ಣೆ ಹಾಕಿ ಬ್ಲೀಡ್ ಮಾಡಿ. ಬ್ಲ್ಯಾಡರ್ ಮೈಯಲ್ಲಿ ಉಬ್ಬು ಉಳಿದಿದ್ದರೆ ಅದನ್ನೂ ಸೀಲ್‌ಹೆಡ್ಡನ್ನೂ ಒಟ್ಟಿಗೇ ಬದಲಿಸಿ.

ಮಣ್ಣುಹಾದಿ

ಜಿಪ್ ಟೈಗೆ ಸುಯ್ ಅಂತು, ಐದು ಮಿ.ಮೀ. ವಾಪಸ್ ಬಂತು. ಹೈಸ್ಪೀಡ್ ಪೂರ್ತಿ ತೆರೆದು, ಲೋಸ್ಪೀಡ್ ನಾಲ್ಕು ಕ್ಲಿಕ್‌ನಲ್ಲಿ ಕುಸಿತ ನಿಂತಿದೆ, ಕಲ್ಲಿನ ಮೇಲೆ ಅಂಗೈಗೆ ಹೊಡೆತ ಇಲ್ಲ. ತೆಗೆದ ಮೋಷನ್ ಕಂಟ್ರೋಲ್ ಜೋಡಣೆ ಏನು ಮಾಡಲಿ?

ಬಿಡಿಭಾಗ

ಎಣ್ಣೆ ಒರೆಸಿ, ಸರ್ಕ್ಲಿಪ್ ಸಮೇತ ಚೀಲಕ್ಕೆ ಹಾಕಿ, ಮೇಲೆ ಮಾಡೆಲ್ ಕೋಡ್ ಬರೆದಿಡಿ. ಚಾರ್ಜರ್ ಸರ್ವಿಸ್‌ಗೆ ಹೋಗಿ ಬಿಡಿಭಾಗಕ್ಕೆ ಮೂರು ವಾರ ಕಾಯಬೇಕಾದಾಗ ಅದನ್ನೇ ಹಾಕಿ ಓಡಿಸಬಹುದು. ಆ ಹೊತ್ತಿಗೆ 5 ವೇಟ್ ಎಣ್ಣೆ ಒಂದು ಡಬ್ಬಿ, ಸೀಲ್‌ಹೆಡ್‌ಗೆ ಒಂದು ಹೊಸ ಓ-ರಿಂಗ್ ಜೊತೆಗೇ ಇರಲಿ.